ಚಳಿಗೆ ಮಲಗಿದ ಯೀಸ್ಟು, 1,150 ರೂಪಾಯಿಯ ಹೀಟ್ ಮ್ಯಾಟು

ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಮುಗಿದರೆ ಸಾಕು, ನಮ್ಮ ಮಕ್ಕಂದೂರು ಕಡೆ ಚಳಿ ಬಂದು ಕೂತುಬಿಡುತ್ತದೆ. ಬೆಳಿಗ್ಗೆ ಆರು ಗಂಟೆಗೆ ನಮ್ಮ ಹಂಚಿನ ಮನೆಯ ಅಡುಗೆಮನೆಯಲ್ಲೇ 13 ಡಿಗ್ರಿ. ಕೊಬ್ಬರಿ ಎಣ್ಣೆ ಬಾಟಲಿಯೊಳಗೆ ಕಲ್ಲಾಗಿರುತ್ತದೆ, ದೋಸೆ ಹಿಟ್ಟು ಇಟ್ಟಷ್ಟೇ ಇರುತ್ತದೆ, ಮೊಸರು ಮಧ್ಯಾಹ್ನವಾದರೂ ಹಾಲೇ. ಇಂಥ ಮನೆಯಲ್ಲಿ ಕೂತು ನಾನು ಜಿಂಜರ್ ಬಿಯರ್ ಮಾಡಲು ಹೊರಟಿದ್ದೆ. ಆ ಪಾಡಿಗಾಗಿ ತರಿಸಿದ ಹೀಟ್ ಮ್ಯಾಟ್ ಬಗ್ಗೆ ಈ ರಿವ್ಯೂ.

ಮೊದಲೇ ಹೇಳಿಬಿಡುತ್ತೇನೆ, ಇದು ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಬೇಯಿಸಿ ಮಾಡುವ ಬಿಯರ್ ಅಲ್ಲ. ಅದಕ್ಕೆ ನಮ್ಮಲ್ಲಿ ಅಬಕಾರಿ ಲೈಸೆನ್ಸ್ ಬೇಕು, ಆ ತಂಟೆ ನನಗೆ ಬೇಡ. ನನ್ನದು 4 ಲೀಟರ್ ನೀರು, 400 ಗ್ರಾಂ ಸಕ್ಕರೆ, ಜಜ್ಜಿದ ಶುಂಠಿ ಒಂದು ಹಿಡಿ, ನಾಲ್ಕು ನಿಂಬೆಹಣ್ಣು, ಕಾಲು ಚಮಚ ಯೀಸ್ಟು. ಗ್ಯಾಸ್ ಹಿಡಿದ ತಕ್ಷಣ ಫ್ರಿಜ್ಜಿಗೆ. ಸುಮ್ನೆ ಬಿಟ್ಟರೆ ಅಷ್ಟು ಸಕ್ಕರೆಗೆ ಇದರಲ್ಲೂ ಆಲ್ಕೋಹಾಲ್ ಶೇಕಡಾ 5ರ ಹತ್ತಿರ ಏರುತ್ತದೆ, ಆಗ ಅದು ಅಂಗಡಿ ಬಿಯರ್‌ಗೆ ಸಮ. ಹಾಗಾಗಿ ಬಿಡುವುದಿಲ್ಲ.

ಹೋದ ವರ್ಷದ ಕತೆ ಹೇಳಲೇಬೇಕು. ಜನವರಿಯಲ್ಲಿ ಒಂದು ಭರಣಿ ಹಾಕಿದ್ದೆ. ನಾಲ್ಕು ದಿನ ಕಾದರೂ ಒಂದು ಗುಳ್ಳೆ ಇಲ್ಲ. ಯೀಸ್ಟು ಸತ್ತಿದೆ, ಇನ್ನು ಇದು ಬರೀ ಶುಂಠಿ ಶರಬತ್ತು ಅಂದುಕೊಂಡು ಗಾಜಿನ ಬಾಟಲಿಗಳಿಗೆ ತುಂಬಿ, ಬಿಗಿಯಾಗಿ ಮುಚ್ಚಿ, ಒಲೆಯ ಮೇಲಿನ ಅಟ್ಟದಲ್ಲಿಟ್ಟು ಮರೆತೆ. ಯೀಸ್ಟು ಚಳಿಗೆ ಸಾಯುವುದಿಲ್ಲ, ಮುದುರಿ ತಳಕ್ಕೆ ಕೂರುತ್ತದೆ ಅಷ್ಟೆ, ಬಿಸಿ ತಾಗಿದರೆ ಮತ್ತೆ ಏಳುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಫೆಬ್ರವರಿಯ ಒಂದು ಮಧ್ಯಾಹ್ನ ಅಟ್ಟದಲ್ಲಿ ಢಂ ಅಂತು. ಜಗಲಿಯಲ್ಲಿ ಕೂತಿದ್ದ ಅಜ್ಜಿ, "ಪುತ್ತರಿ ಕಳೆದು ಎಷ್ಟು ದಿನ ಆಯ್ತು, ಈಗ ಯಾರೋ ಗುಂಡು ಹೊಡೆಯೋದು?" ಅಂತ ಕೂಗಿದರು. ಮೂರು ಬಾಟಲಿ ಹೋಯಿತು. ಅಲ್ಲಿ ಯಾರೂ ಇರಲಿಲ್ಲ, ಪುಣ್ಯ. ಆವತ್ತಿಂದ ಗಾಜು ಮುಟ್ಟಿಲ್ಲ. ಸೋಡಾ ಬರುವ ಪ್ಲಾಸ್ಟಿಕ್ ಬಾಟಲಿಯೇ ವಾಸಿ, ಹಿಸುಕಿ ನೋಡಿದರೆ ಗ್ಯಾಸ್ ಎಷ್ಟಿದೆ ಅಂತ ಕೈಗೇ ತಿಳಿಯುತ್ತದೆ.

ಈ ಸಲ ಆನ್‌ಲೈನ್‌ನಲ್ಲಿ ಮ್ಯಾಟ್ ತರಿಸಿದೆ. ಸಸಿ ಎಬ್ಬಿಸಲು ಟ್ರೇ ಕೆಳಗೆ ಇಡುತ್ತಾರಲ್ಲ, ಅದೇ. 20 ವ್ಯಾಟ್, ಜೊತೆಗೆ ವಯರಿನ ತುದಿಗೆ ಸೆನ್ಸರ್ ಇರುವ ಸಣ್ಣ ಕಂಟ್ರೋಲರ್. ಎಲ್ಲಾ ಸೇರಿ 1,150 ರೂಪಾಯಿ. ನಮ್ಮ ಪಿನ್‌ಕೋಡಿಗೆ ತಲುಪಲು ಒಂಬತ್ತು ದಿನ ತೆಗೆದುಕೊಂಡರು, ಅದು ಬಿಡಿ, ಅಭ್ಯಾಸವಾಗಿದೆ.

ಮ್ಯಾಟ್ ಚೆನ್ನಾಗಿದೆ. ಬಗ್ಗುತ್ತದೆ, ಭರಣಿಗೆ ಸುತ್ತಿ ಹಗ್ಗ ಕಟ್ಟಬಹುದು, ಕೈ ಇಟ್ಟರೆ ಹಿತವಾದ ಬಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೂ ಏನೂ ಆಗಿಲ್ಲ. ಇಡೀ ದಿನ ಉರಿದರೂ ಅರ್ಧ ಯೂನಿಟ್ ಕರೆಂಟು. ತಲೆನೋವು ಇರುವುದೆಲ್ಲ ಆ ಕಂಟ್ರೋಲರಿನಲ್ಲಿ.

ಜೊತೆಗೆ ಬಂದ ಚೀಟಿಯಲ್ಲಿ ಸೆನ್ಸರನ್ನು ಮ್ಯಾಟ್ ಮೇಲೆ ಇಡಿ ಅಂತಿತ್ತು. ಇಟ್ಟೆ, 24ಕ್ಕೆ ಸೆಟ್ ಮಾಡಿದೆ. ಐದು ನಿಮಿಷಕ್ಕೆ ಮ್ಯಾಟ್ 24 ಮುಟ್ಟಿ ತಾನೇ ಆಫ್. ಒಳಗಿನ ನೀರು ಮಾತ್ರ ಮರುದಿನವೂ 17. ಎಡಿನ್‌ಬರೋದಲ್ಲಿರುವ ನಮ್ಮ ದೊಡ್ಡಪ್ಪನ ಮಗನಿಗೆ ಫೋಟೊ ಕಳಿಸಿದೆ. ಅಲ್ಲಿ 1963ರಿಂದಲೇ ಮನೆ ಬಳಕೆಯ ಬಿಯರ್‌ಗೆ ಲೈಸೆನ್ಸ್ ಬೇಡ, ಅಣ್ಣ ಪ್ರತಿ ಚಳಿಗಾಲ ಗ್ಯಾರೇಜಿನಲ್ಲಿ ಬಿಯರ್ ಮಾಡುತ್ತಾನೆ. ನೋಡಿದವನೇ ವಾಯ್ಸ್ ಮೆಸೇಜು: "ಏ ಮಾರಾಯ, ನಿಂಗೆ ಬೇಕಾಗಿರೋದು ಒಳಗಿನ ಬಿಸಿ ಅಲ್ವಾ? ಆ ವಯರನ್ನ ಭರಣಿ ಮೈಗೆ ಅಂಟಿಸಿ ಮೇಲೆ ಟವೆಲ್ ಮಡಚಿ ಕಟ್ಟು, ಗಾಳಿ ತಾಗಬಾರದು."

ಹಾಗೇ ಮಾಡಿದೆ. ಮ್ಯಾಟ್ ಒಂದು ಬದಿ, ಸೆನ್ಸರ್ ಅದರ ಎದುರು ಬದಿ, ಮೇಲೆ ಟವೆಲ್. ಸಂಜೆಗೆ ಒಳಗೆ 22, ರಾತ್ರಿಗೆ ಗುಳ್ಳೆ ಶುರು.

ಅಣ್ಣ ಹೇಳಿದ ಇನ್ನೊಂದು ಮಾತು ತಲೆಯಲ್ಲಿ ಉಳಿಯಿತು. ಯೀಸ್ಟು ಸಕ್ಕರೆ ತಿನ್ನುವಾಗ ತಾನೇ ಬಿಸಿ ಬಿಡುತ್ತದೆ. ಅವನದು 23 ಲೀಟರಿನ ಬಕೆಟ್, ಜೋರಾಗಿ ಹುದುಗುವಾಗ ಸುತ್ತಲಿನ ಗಾಳಿಗಿಂತ ಕೆಲವು ಡಿಗ್ರಿ ಮೇಲೇ ಇರುತ್ತದಂತೆ. ನನ್ನ 5 ಲೀಟರಿನ ಭರಣಿಗೆ ಆ ಭಾಗ್ಯ ಇಲ್ಲ, ಹುಟ್ಟಿದ ಬಿಸಿ ಹುಟ್ಟಿದಷ್ಟೇ ಬೇಗ ಆರುತ್ತದೆ. ಜೊತೆಗೆ ಅವನಿಗೆ ಚಳಿ ಅಷ್ಟೊಂದು ಶತ್ರುವೂ ಅಲ್ಲ. ಏಲ್ ಅನ್ನುವ ಬಗೆಯ ಬಿಯರಿನ ಯೀಸ್ಟಿಗೆ 18ರಿಂದ 22 ಬೇಕು, ಲಾಗರ್ ಬಗೆಯ ಯೀಸ್ಟಾದರೆ 10, 12ರಲ್ಲೂ ಕೆಲಸ ಮಾಡುತ್ತದೆ, ನಿಧಾನ ಅಷ್ಟೆ. ಜರ್ಮನಿಯ ಬವೇರಿಯಾದಲ್ಲಿ 1553ರಲ್ಲಿ ಬೇಸಿಗೆ ತಿಂಗಳುಗಳಲ್ಲಿ ಬಿಯರ್ ಮಾಡಲೇಬಾರದು ಅಂತ ಕಾನೂನು ತಂದಿದ್ದರು, ಬಿಸಿಲಿಗೆ ಕೆಡುತ್ತದೆ ಅಂತ. ನಮ್ಮ ಡಿಸೆಂಬರ್ ಅವರ ಕೈಗೆ ಸಿಕ್ಕಿದ್ದರೆ ಹಬ್ಬ ಮಾಡುತ್ತಿದ್ದರು.

ಕಂಟ್ರೋಲರಿನ ಎರಡನೇ ತೊಂದರೆ ಲೆಕ್ಕದ್ದು. ಲೋಟದ ತುಂಬ ಐಸು, ಮುಳುಗುವಷ್ಟು ನೀರು ಹಾಕಿ ಸೆನ್ಸರ್ ಇಳಿಬಿಟ್ಟರೆ 0 ತೋರಿಸಬೇಕು. ಇದು 2 ತೋರಿಸಿತು. ಮಾರಿದವರಿಗೆ ಬರೆದೆ. ಫೋಟೊ ಕಳಿಸಿ ಅಂದರು, ಕಳಿಸಿದೆ. ವಿಡಿಯೊ ಕಳಿಸಿ ಅಂದರು, ಕಳಿಸಿದೆ. ಆಮೇಲೆ ವಾಪಸ್ ಕೊಡುವ ಗಡುವು ಮುಗಿದಿದೆ ಅಂದರು! ಈಗ 24 ಬೇಕಾದರೆ 26 ಒತ್ತುತ್ತೇನೆ.

ಇಷ್ಟಾದರೂ ನಮ್ಮೂರಲ್ಲಿ ಮ್ಯಾಟ್ ಒಂದನ್ನೇ ನಂಬಿ ಕೂರುವಂತಿಲ್ಲ, ಯಾಕೆಂದರೆ ಕರೆಂಟು. ತೋಟದಲ್ಲಿ ಒಂದು ಕೊಂಬೆ ಲೈನ್ ಮೇಲೆ ಬಿದ್ದರೆ ರಾತ್ರಿಯೆಲ್ಲ ಕತ್ತಲೆ. ಹಾಗೆ ಒಂದು ರಾತ್ರಿ ಐದು ಗಂಟೆ ಕರೆಂಟು ಹೋದಾಗ ಭರಣಿ 23ರಿಂದ 17ಕ್ಕೆ ಇಳಿದು ಗುಳ್ಳೆ ನಿಂತೇ ಹೋಯಿತು. ಮರುದಿನ ಮಡಿಕೇರಿ ಮಾರ್ಕೆಟಿನಿಂದ ಮೀನಿನ ಥರ್ಮೋಕೋಲ್ ಪೆಟ್ಟಿಗೆ ಒಂದು ತಂದೆ, ಪುಕ್ಕಟೆ. ನಾತ ಹೋಗಲು ಮೂರು ಸಲ ಸೋಪು, ಎರಡು ದಿನ ಕಣದಲ್ಲಿ ಕಾಫಿ ಜೊತೆ ಬಿಸಿಲು. ಈಗ ಭರಣಿ, ಮ್ಯಾಟ್ ಎಲ್ಲಾ ಅದರೊಳಗೆ. ಅಷ್ಟೇ ಹೊತ್ತು ಕರೆಂಟು ಹೋದರೂ ಎರಡು ಡಿಗ್ರಿಗಿಂತ ಜಾಸ್ತಿ ಇಳಿಯಲ್ಲ. ಪೆಟ್ಟಿಗೆ ಇದ್ದರೆ ಮ್ಯಾಟ್ ಉರಿಯುವುದೇ ಕಮ್ಮಿ.

ಅಂದಹಾಗೆ ಚಳಿಯಿಂದ ಒಂದು ಉಪಕಾರವೂ ಇದೆ. ಶುಂಠಿ ಕುದಿಸಿದ ನೀರು ಆರದೆ ಯೀಸ್ಟು ಹಾಕಬಾರದು, ತೀರಾ ಬಿಸಿ ಇದ್ದರೆ ಅದು ನಿಜವಾಗಲೂ ಸಾಯುತ್ತದೆ. ಜನವರಿಯಲ್ಲಿ ಪಾತ್ರೆಯನ್ನು ತೊಟ್ಟಿ ನೀರಿನಲ್ಲಿ ಇಟ್ಟರೆ ಇಪ್ಪತ್ತು ನಿಮಿಷ ಸಾಕು.

ಐದಕ್ಕೆ ಮ್ಯಾಟಿಗೆ ನಾಲ್ಕು ಕೊಡುತ್ತೇನೆ, ಕಂಟ್ರೋಲರಿಗೆ ಒಂದೂವರೆ. ಎರಡೂ ಬಿಡಿಬಿಡಿಯಾಗಿ ಸಿಕ್ಕರೆ ಮ್ಯಾಟ್ ಮಾತ್ರ ಇಂಥದ್ದು ತಗೊಳ್ಳಿ, ಕಂಟ್ರೋಲರ್ ಬೇರೆ ನೋಡಿ. ಚಳಿಗಾಲದಲ್ಲಿ ಆರು ಸಲ ಮಾಡಿದೆ, ಐದು ಸಲ ಮೂರನೇ ದಿನಕ್ಕೆ ಬಾಟಲಿ ಗಟ್ಟಿಯಾಯಿತು. ಏಳನೆಯದು ಆಗಲಿಲ್ಲ. ಅದು ಸಸಿಯ ಮ್ಯಾಟ್ ಅಂತ ಅತ್ತೆಗೆ ಗೊತ್ತಾಗಿ, ಪರಂಗಿ ಮೆಣಸಿನ ಬೀಜ ಹಾಕಿದ ಟ್ರೇ ತಂದು ಅದರ ಮೇಲೆ ಇಟ್ಟಿದ್ದಾರೆ. ವಾಪಸ್ ಕೇಳುವ ಧೈರ್ಯ ನನಗಿಲ್ಲ.