ಆಫೀಸ್ ಪಾಲಿಸಿಯಿಂದ ಸ್ವಂತ ಪಾಲಿಸಿಗೆ: ಸೌಲಭ್ಯ ಒಳ್ಳೆಯದು, ಕೌಂಟರಿನಲ್ಲಿ ಹೇಳೋರಿಲ್ಲ

5ಕ್ಕೆ 3 ಸ್ಟಾರ್. ಕೆಲಸ ಬಿಟ್ಟವರಿಗೆ ಹೆಲ್ತ್ ಇನ್ಶೂರೆನ್ಸ್ ಕಂಪನಿಗಳು ಕೊಡುವ ಮೈಗ್ರೇಷನ್ ಸೌಲಭ್ಯ (ಆಫೀಸ್ ಪಾಲಿಸಿಯಿಂದ ಅದೇ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಗುವುದು) ನಿಜಕ್ಕೂ ಉಪಯೋಗದ್ದು. ಆದರೆ ನಾವಾಗಿ ಕೇಳದಿದ್ದರೆ ಯಾರೂ ಬಾಯಿ ಬಿಡಲ್ಲ.

ಔಟರ್ ರಿಂಗ್ ರೋಡಿನ ಕಂಪನಿಯಲ್ಲಿ ನನ್ನ ಕೆಲಸ ಹೋದಾಗ ಎಚ್‌ಆರ್‌ನವರು ಪಿಎಫ್, ಲ್ಯಾಪ್‌ಟಾಪ್, ರಿಲೀವಿಂಗ್ ಲೆಟರ್ ಎಲ್ಲದರ ಬಗ್ಗೆ ಹೇಳಿದರು, ಇನ್ಶೂರೆನ್ಸ್ ಬಗ್ಗೆ ಮಾತ್ರ ಇಲ್ಲ. ಆಫೀಸಿನವರು ಎಲ್ಲರಿಗೂ ಸೇರಿಸಿ ಮಾಡಿಸುವ ಗ್ರೂಪ್ ಪಾಲಿಸಿ ಸಾಮಾನ್ಯವಾಗಿ ಕೊನೆಯ ಕೆಲಸದ ದಿನಕ್ಕೇ ಮುಗಿದುಹೋಗುತ್ತದೆ. ಅಮ್ಮನಿಗೆ ಶುಗರ್, ಬಿಪಿ ಎರಡೂ ಇದೆ. ನನಗೆ ಸಂಬಳಕ್ಕಿಂತ ಇದೇ ದೊಡ್ಡ ಚಿಂತೆ ಆಗಿತ್ತು.

ಅದೇ ಇನ್ಶೂರೆನ್ಸ್ ಕಂಪನಿಯ ಜಯನಗರ ಶಾಖೆಗೆ ಹೋದೆ. ಕೌಂಟರಿನಲ್ಲಿದ್ದ ಹುಡುಗ, "ಸುಮ್ನೆ ತಲೆ ಕೆಡಿಸ್ಕೋಬೇಡಿ ಸರ್, ಹೊಸದೇ ಮಾಡ್ಸಿ" ಅಂದ. ಹೊಸದು ಅಂದರೆ ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಕ್ಲೇಮ್ ಇಲ್ಲ, ಮೊದಲಿಂದ ಇರುವ ಕಾಯಿಲೆಗೆ 3 ವರ್ಷದವರೆಗೂ ಕಾಯಿಸಬಹುದು. ಅಮ್ಮನಂಥವರಿಗೆ ಅದು ಆಗುವ ಮಾತಲ್ಲ. ಇನ್ಶೂರೆನ್ಸ್ ಕಂಪನಿಗಳ ಮೇಲಿನ ನಿಯಂತ್ರಕ ಐಆರ್‌ಡಿಎಐ ನಿಯಮದಂತೆ ಗ್ರೂಪ್‌ನಿಂದ ಹೊರಬರುವವರು ಅದೇ ಕಂಪನಿಯ ವೈಯಕ್ತಿಕ ಪಾಲಿಸಿಗೋ ಫ್ಯಾಮಿಲಿ ಫ್ಲೋಟರ್‌ಗೋ (ಮನೆಯವರಿಗೆಲ್ಲ ಒಂದೇ ಪಾಲಿಸಿ) ಬದಲಾಗಬಹುದು, ಆಗ ಆಫೀಸ್ ಪಾಲಿಸಿಯಲ್ಲಿ ಕಳೆದ ವರ್ಷಗಳು ಈ ಕಾಯುವ ಅವಧಿಯಿಂದ ಕಡಿಮೆಯಾಗುತ್ತವೆ. ಹಳೆಯ ಕವರ್ ಎಷ್ಟಿತ್ತೋ ಅಷ್ಟಕ್ಕೆ ಮಾತ್ರ. ಅದಕ್ಕಿಂತ ಜಾಸ್ತಿ ತೆಗೆದುಕೊಂಡರೆ ಆ ಜಾಸ್ತಿ ಭಾಗಕ್ಕೆ ಹೊಸದಾಗಿ ಕಾಯಬೇಕು.

ಒಳಗಿದ್ದ ಮ್ಯಾನೇಜರ್ ಮೇಡಂ ಮಾತ್ರ ಬಂಗಾರದಂಥವರು. ಆ ಹುಡುಗ ಗೀಟು ಎಳೆದು ಬಿಟ್ಟಿದ್ದ 'ಹಿಂದಿನ ಪಾಲಿಸಿ ವಿವರ' ಜಾಗದಲ್ಲಿ ಗ್ರೂಪ್ ಪಾಲಿಸಿ ನಂಬರ್, ನಮ್ಮ ಮೆಂಬರ್ ಐಡಿ, ಸೇರಿದ ದಿನಾಂಕ ಬರೆಸಿದರು. ಅಮ್ಮ ನುಂಗುವ ಮಾತ್ರೆಗಳ ಹೆಸರನ್ನೂ ಒಂದೊಂದಾಗಿ ಕೇಳಿ ಬರೆಸಿಕೊಂಡರು. ಯಾವ ತಾರೀಕಿಂದ ಯಾವ ತಾರೀಕಿನವರೆಗೆ ಕವರ್ ಇತ್ತು ಅಂತ ಎಚ್‌ಆರ್ ಕಡೆಯಿಂದ ಒಂದು ಪತ್ರ ತರಿಸಿದರು.

ಇಷ್ಟಾದರೂ ಪಾಲಿಸಿ ಬಂದಾಗ ಮೊದಲ ಪುಟದಲ್ಲಿ ಆಫೀಸ್ ಪಾಲಿಸಿಗೆ ಸೇರಿದ ಹಳೆಯ ದಿನಾಂಕವೇ ಇರಲಿಲ್ಲ! ಮೇಡಂಗೆ ಮೇಲ್ ಹಾಕಿದೆ, ತಿದ್ದಿ ಕಳಿಸಿದರು. ನೀವೂ ಮೊದಲು ಅಲ್ಲೇ ಕಣ್ಣು ಹಾಯಿಸಿ, ಕ್ಲೇಮ್ ಸಮಯದಲ್ಲಿ ಜಗಳ ಶುರುವಾಗುವುದೇ ಆ ಒಂದು ಸಾಲಿನಿಂದ.

ಪ್ರೀಮಿಯಂ ಭಾರವೇ. ಅಮ್ಮನ ವಯಸ್ಸಿಗೆ ತಕ್ಕ ಹಾಗೆ ಏರಿತು, ಸಂಬಳ ಇಲ್ಲದಾಗ ಉಳಿತಾಯದಿಂದ ಕೊಡುವುದು ಸುಲಭ ಅಲ್ವಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿ ಮೇಲಿದ್ದ 18% ಜಿಎಸ್‌ಟಿ ತೆಗೆದಿರುವುದು ಸ್ವಲ್ಪ ಸಮಾಧಾನ. ಆಫೀಸ್ ಪಾಲಿಸಿಯ ಎಲ್ಲ ಅನುಕೂಲಗಳೂ ಜೊತೆಗೆ ಬರಲ್ಲ, ರೂಮ್ ಬಾಡಿಗೆ ಮಿತಿ, ಹೆರಿಗೆ ಖರ್ಚು ಇಂಥವನ್ನು ಕೇಳಿಕೊಳ್ಳಿ.

ನೋಟಿಸ್ ಪೀರಿಯಡ್‌ನಲ್ಲಿ ಇರುವವರು ಕೊನೆಯ ದಿನಕ್ಕೆ ಮೊದಲೇ ಇನ್ಶೂರೆನ್ಸ್ ಕಂಪನಿಗೆ, ಮೇಲ್‌ನಲ್ಲೇ 'ಮೈಗ್ರೇಷನ್ ಬೇಕು' ಅಂತ ಬರೆದು ಕೇಳಿ. ಉತ್ತರ ಬರದಿದ್ದರೆ ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ, ಅಲ್ಲೂ ಆಗದಿದ್ದರೆ ಐಆರ್‌ಡಿಎಐನ ಬೀಮಾ ಭರೋಸಾ ಪೋರ್ಟಲ್ ಇದೆ.