ಎರಡೂ ಕಡೆ ಒಟ್ಟಿಗೆ ಹಾಲು ತೆಗೆಯುವ ಎಲೆಕ್ಟ್ರಿಕ್ ಪಂಪ್: ವರ್ಷ ದಾಟಿದ ಬಳಕೆಯ ನಂತರ

ಮೊದಲೇ ಹೇಳಿಬಿಡುತ್ತೇನೆ, ಪಂಪ್ ಚೆನ್ನಾಗಿದೆ. ಹೆರಿಗೆ ರಜೆ ಮುಗಿಯಲು ಕೆಲವು ವಾರ ಇರುವಾಗ ಶುರು ಮಾಡಿದೆ. ಮಗುವಿಗೆ ವರ್ಷ ತುಂಬಿದ ಮೇಲೂ ಬಳಸಿದೆ. ಮಗುವನ್ನು ಬಿಟ್ಟು ದಿನವಿಡೀ ಕೆಲಸಕ್ಕೆ ಹೋಗುವ ತಾಯಿಗೆ ಇಂಥದ್ದೊಂದು ಬೇಕೇ ಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಆದರೆ ಇಷ್ಟು ದಿನ ಹಾಲು ಉಳಿಸಿಕೊಟ್ಟಿದ್ದು ಬರೀ ಮೋಟಾರ್ ಅಲ್ಲ. ದಿನಕ್ಕೆ ಎಷ್ಟು ಸಲ ಹಾಲು ಹೊರಗೆ ಬರುತ್ತದೆ ಅನ್ನುವುದು ಎಲ್ಲಕ್ಕಿಂತ ಮುಖ್ಯ. ಒಂದು ಸಲಕ್ಕೆ ಬಾಟಲಿಯಲ್ಲಿ ಎಷ್ಟು ಬಂತು ಅನ್ನುವುದು ಆಮೇಲಿನ ಮಾತು. ಪಂಪ್ ಕೊಳ್ಳುವ ಮೊದಲು ಇದನ್ನು ಯಾರೂ ನನಗೆ ಸರಿಯಾಗಿ ಹೇಳಿರಲಿಲ್ಲ. ಪೆಟ್ಟಿಗೆಯ ಮೇಲೂ ಬರೆದಿರಲಿಲ್ಲ.

ಕಂಪನಿಯ ಹೆಸರು ಹಾಕುವುದಿಲ್ಲ. ಈ ಬಗೆಯ ಪಂಪ್‌ಗಳ ಕೆಲಸ ಹೆಚ್ಚುಕಮ್ಮಿ ಒಂದೇ. ನನ್ನದು ಪ್ಲಗ್ಗಿಗೂ ಹಾಕಬಹುದು, ಬ್ಯಾಟರಿಯಲ್ಲೂ ಓಡುತ್ತದೆ. ಹಾಲು ಟ್ಯೂಬಿನೊಳಗೆ ಹಿಂದಕ್ಕೆ ಹೋಗದಂತೆ ಮಧ್ಯೆ ಒಂದು ತಡೆ ಇದೆ. ಇದನ್ನು ಕ್ಲೋಸ್ಡ್ ಸಿಸ್ಟಮ್ ಅನ್ನುತ್ತಾರೆ. ಕೊಳ್ಳುವಾಗ ಇದೊಂದನ್ನು ಕೇಳಿಯೇ ಕೊಳ್ಳಿ. ಹಾಲು ಟ್ಯೂಬಿಗೋ ಮೋಟಾರಿಗೋ ಸೇರಿದರೆ ಅಲ್ಲಿ ಬೂಷ್ಟು ಬೆಳೆಯುತ್ತದೆ, ಮೋಟಾರಿನ ಒಳಗನ್ನು ತೊಳೆಯಲು ಆಗುವುದಿಲ್ಲ.

ಹಾಲು ಹೇಗೆ ಆಗುತ್ತದೆ ಅಂತ ಸ್ವಲ್ಪ ತಿಳಿದುಕೊಂಡರೆ ಅರ್ಧ ಗಾಬರಿ ಹೋಗುತ್ತದೆ. ಸೇದಿದಷ್ಟೂ ಊರುವ ಬಾವಿಯ ಹಾಗೆ ಅದು. ಎದೆ ತುಂಬಿಕೊಂಡೇ ಇದ್ದರೆ ಹಾಲಾಗುವ ವೇಗ ತಾನಾಗಿ ಇಳಿಯುತ್ತದೆ. ಖಾಲಿಯಾದಷ್ಟೂ ವೇಗ ಹೆಚ್ಚುತ್ತದೆ. ಹಾಗಂತ ಕೊನೆಯ ಹನಿವರೆಗೂ ಹಿಂಡಬೇಕಾಗಿಲ್ಲ. ಪಶ್ಚಿಮ ಆಸ್ಟ್ರೇಲಿಯಾದ ಸಂಶೋಧಕರು 2006ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂದರಿಂದ ಆರು ತಿಂಗಳವರೆಗಿನ, ಬರೀ ಎದೆಹಾಲು ಕುಡಿಯುವ ಮಕ್ಕಳು ಅದರಲ್ಲಿದ್ದರು. ಆ ಮಕ್ಕಳು 24 ಗಂಟೆಯಲ್ಲಿ ಕುಡಿದಿದ್ದು ಸರಾಸರಿ 788 ಗ್ರಾಂ. ಒಂದು ಮಗು 478 ಗ್ರಾಂ ಕುಡಿದರೆ ಇನ್ನೊಂದು 1356 ಗ್ರಾಂ ಕುಡಿದಿತ್ತು. ಎರಡೂ ಆರೋಗ್ಯವಾಗಿಯೇ ಬೆಳೆಯುತ್ತಿದ್ದವು. ಇನ್ನೊಂದು ವಿಷಯ ನನಗೆ ತುಂಬ ಸಮಾಧಾನ ಕೊಟ್ಟಿತು. ಮಕ್ಕಳು ಸರಾಸರಿ ಎದೆಯಲ್ಲಿದ್ದ ಹಾಲಿನ 67% ಮಾತ್ರ ಕುಡಿಯುತ್ತಿದ್ದವು. ಮಗುವೇ ಪೂರ್ತಿ ಖಾಲಿ ಮಾಡುವುದಿಲ್ಲ, ಅಲ್ವಾ? ಮತ್ತೆ ನಾವ್ಯಾಕೆ ಪಂಪ್ ಹಿಡಿದು ಒಂದು ಗಂಟೆ ಕೂರಬೇಕು? ಹದಿನೈದು, ಇಪ್ಪತ್ತು ನಿಮಿಷ ಸಾಕು. ಆದರೆ ಹಾಗೆ ಕೂರುವುದು ದಿನಕ್ಕೆ ಹಲವು ಸಲ ಆಗಬೇಕು.

ಯಾವಾಗ ಶುರು ಮಾಡಬೇಕು? ಮಗು ಎದೆಗೆ ಚೆನ್ನಾಗಿ ಹೊಂದಿಕೊಂಡ ಮೇಲೆ. ಸಾಮಾನ್ಯವಾಗಿ ಹುಟ್ಟಿದ ಮೂರು ನಾಲ್ಕು ವಾರಕ್ಕೆ ಅದು ಒಂದು ಹದಕ್ಕೆ ಬರುತ್ತದೆ. ನಂತರ ಕೆಲಸಕ್ಕೆ ಮರಳುವ ಎರಡು ಮೂರು ವಾರ ಮೊದಲು ಪಂಪ್ ಕೈಗೆತ್ತಿಕೊಂಡರೂ ತಡವಲ್ಲ. ಬೆಳಗಿನ ಮೊದಲ ಹಾಲೂಡಿಕೆಯ ನಂತರ ತೆಗೆಯುವುದು ಒಳ್ಳೆಯದು. ಹಾಲು ಹುಟ್ಟಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ರಾತ್ರಿ ಹೆಚ್ಚಿರುತ್ತದೆ, ಹಾಗಾಗಿ ಬಹಳ ಜನರಿಗೆ ಬೆಳಗ್ಗೆ ಜಾಸ್ತಿ ಬರುತ್ತದೆ. ಮಗು ಕುಡಿದ ಮೇಲೆ ತೆಗೆದರೆ ಎರಡೂ ಕಡೆ ಸೇರಿ 15ರಿಂದ 60 ಮಿಲಿ ಬರುವುದು ಸಹಜ. ಬಾಟಲಿಯ ತಳದಲ್ಲಿ ಅಷ್ಟೇ ಅಷ್ಟು ಹಾಲು ನೋಡಿ ಎಷ್ಟೋ ತಾಯಂದಿರು 'ನನಗೆ ಹಾಲೇ ಇಲ್ಲ' ಅಂತ ಅಳುತ್ತಾರೆ. ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ. ಊಟ ಮುಗಿದ ಮೇಲೆ ಪಾತ್ರೆಯಲ್ಲಿ ಉಳಿದದ್ದನ್ನು ನೀವು ಅಳೆಯುತ್ತಿದ್ದೀರಿ, ಅಷ್ಟೇ.

ಫ್ರೀಜರ್ ತುಂಬಾ ಹಾಲಿನ ಚೀಲಗಳ ಫೋಟೋ ನೋಡಿ ಹೆದರುವುದೂ ಬೇಡ. ಬರೀ ಎದೆಹಾಲು ಕುಡಿಯುವ ಮಗುವಿಗೆ ನೀವು ದೂರವಿರುವ ಪ್ರತಿ ಗಂಟೆಗೆ ಸುಮಾರು 30ರಿಂದ 45 ಮಿಲಿ ಬೇಕಾಗುತ್ತದೆ. ಹೋಗಿ ಬರುವ ಸಮಯವೂ ಸೇರಿ ಒಂಬತ್ತು ಗಂಟೆ ಅಂದರೆ 270ರಿಂದ 405 ಮಿಲಿ. ಮೊದಲ ದಿನಕ್ಕೆ ಅಷ್ಟು, ಚೆಲ್ಲಿದರೆ ಇರಲಿ ಅಂತ ಇನ್ನೊಂದೆರಡು ದಿನದ್ದು. ಅಲ್ಲಿಂದಾಚೆ ಇವತ್ತು ಕೆಲಸದಲ್ಲಿ ತೆಗೆದದ್ದು ನಾಳೆಗೆ. ಬೇಕಾದ್ದಕ್ಕಿಂತ ತುಂಬಾ ಜಾಸ್ತಿ ತೆಗೆಯುತ್ತಾ ಹೋದರೆ ದೇಹ ಅದನ್ನೇ ಅಳತೆ ಅಂದುಕೊಳ್ಳುತ್ತದೆ. ಆಮೇಲೆ ಸ್ವಲ್ಪ ತಡವಾದರೂ ಎದೆ ಕಟ್ಟಿಕೊಂಡು ಕಲ್ಲಾಗುತ್ತದೆ, ಬಾವು ಬರುತ್ತದೆ. ಬಾವು ಬಂದಾಗ ಬಿಸಿ ಶಾಖ ಕೊಟ್ಟು ಗಟ್ಟಿಯಾಗಿ ತಿಕ್ಕುವ ಹಳೆಯ ಸಲಹೆ ಈಗ ಬದಲಾಗಿದೆ. ಎದೆಹಾಲಿನ ವಿಷಯದಲ್ಲಿ ಕೆಲಸ ಮಾಡುವ ವೈದ್ಯರ ಅಂತಾರಾಷ್ಟ್ರೀಯ ಸಂಘಟನೆಯ 2022ರ ಮಾರ್ಗಸೂಚಿ ತಣ್ಣನೆ ಪಟ್ಟಿ ಇಡಿ, ಜೋರಾಗಿ ಒತ್ತಬೇಡಿ, ಖಾಲಿ ಮಾಡಲೇಬೇಕೆಂದು ಹೆಚ್ಚೆಚ್ಚು ಪಂಪ್ ಮಾಡಬೇಡಿ ಅನ್ನುತ್ತದೆ. ಜ್ವರ ಇಳಿಯದಿದ್ದರೆ ಡಾಕ್ಟರ ಹತ್ತಿರ ಹೋಗಲೇಬೇಕು.

ಈಗ ಪಂಪಿನ ಮೇಲೆ ನನ್ನ ದೊಡ್ಡ ದೂರು. ಎದೆಗೆ ಇಡುವ ಕೊಳವೆಯಾಕಾರದ ಭಾಗ, ಅಂದರೆ ಫ್ಲ್ಯಾಂಜ್. ಪೆಟ್ಟಿಗೆಯಲ್ಲಿ 24 ಮತ್ತು 28 ಮಿಲಿಮೀಟರಿನದು ಬಂದವು. ಎರಡೂ ನನಗೆ ದೊಡ್ಡದು. ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಒಳಗೆ ಎಳೆದುಕೊಂಡು ಊದಿಕೊಳ್ಳುತ್ತಿತ್ತು. ನೋವು ಒಂದು ಕಡೆ, ಹಾಲೂ ಸರಿಯಾಗಿ ಬರುತ್ತಿರಲಿಲ್ಲ. ಅಳತೆ ಹೇಗೆ ನೋಡಬೇಕು ಅಂತ ಕೈಪಿಡಿಯಲ್ಲಿ ಒಂದು ಸಾಲೂ ಇರಲಿಲ್ಲ. ಇದು ಸಣ್ಣ ಲೋಪ ಅಲ್ಲ. ಅಳತೆ ತಪ್ಪಿದ ಫ್ಲ್ಯಾಂಜ್ ಹಿಡಿದು ಕೂತ ತಾಯಿ ತನಗೆ ಹಾಲು ಕಡಿಮೆ ಅಂದುಕೊಂಡು ನಿಲ್ಲಿಸಿಬಿಡುತ್ತಾಳೆ. ಅಳತೆ ಸುಲಭ. ಪಂಪ್ ಮಾಡುವ ಮೊದಲು ತೊಟ್ಟಿನ ಬುಡದ ಅಗಲವನ್ನು ಮಿಲಿಮೀಟರಿನಲ್ಲಿ ನೋಡಿ. ಸುತ್ತಲಿನ ಕಪ್ಪು ಭಾಗ ಲೆಕ್ಕಕ್ಕಿಲ್ಲ. ಆ ಅಗಲಕ್ಕೆ ಹೆಚ್ಚೆಂದರೆ ಎರಡು ಮೂರು ಮಿಲಿಮೀಟರ್ ಸೇರಿಸಿ, ಅದರ ಆಸುಪಾಸಿನದು ಹಾಕಿ ನೋಡಿ. ಎರಡೂ ಕಡೆ ಅಳತೆ ಬೇರೆ ಇರಬಹುದು. ತಿಂಗಳು ಕಳೆದಂತೆ ಬದಲಾಗಲೂಬಹುದು. ನಾನು ಒಳಗೆ ಕೂರಿಸುವ ಸಿಲಿಕಾನ್ ಇನ್ಸರ್ಟ್ ಬೇರೆ ತರಿಸಿದೆ. ಅವತ್ತಿನಿಂದ ನೋವು ನಿಂತಿತು, ಹಾಲೂ ಕಣ್ಣಿಗೆ ಕಾಣುವಷ್ಟು ಹೆಚ್ಚಿತು.

ಜಾಹೀರಾತಿನಲ್ಲಿ ಸಕ್ಷನ್ ಎಷ್ಟು ಜೋರು ಅಂತ ದೊಡ್ಡದಾಗಿ ಹಾಕಿರುತ್ತಾರೆ. ನನ್ನ ಮಟ್ಟಿಗೆ ಅದು ಬೇಡದ ಅಂಕಿ. ಕೊನೆಯ ಹಂತವನ್ನು ನಾನು ಯಾವತ್ತೂ ಮುಟ್ಟಲಿಲ್ಲ. ನೋವಾಗದೆ ತಡೆಯಬಹುದಾದ ಹಂತವೇ ಸರಿಯಾದ ಹಂತ. ನೋವು, ಆತಂಕ ಇದ್ದರೆ ಹಾಲನ್ನು ಹೊರಗೆ ತಳ್ಳುವ ಆಕ್ಸಿಟೋಸಿನ್ ಹಾರ್ಮೋನು ತಡವಾಗುತ್ತದೆ, ಎದೆ ತುಂಬಿದ್ದರೂ ಹಾಲು ಇಳಿಯುವುದಿಲ್ಲ. ಈ ಪಂಪಿನಲ್ಲಿ ಎರಡು ಬಗೆಯ ಓಟ ಇದೆ. ಮೊದಲು ಬೇಗ ಬೇಗ, ಹಗುರವಾಗಿ. ಮಗು ಎದೆಗೆ ಬಾಯಿ ಇಟ್ಟ ಕೂಡಲೇ ಚೀಪುವ ರೀತಿ. ಹಾಲು ಇಳಿದ ಮೇಲೆ ನಿಧಾನ, ಆಳ. ಮಧ್ಯೆ ಹಾಲು ನಿಂತಾಗ ಮತ್ತೆ ಮೊದಲ ಬಗೆಗೆ ಹೋದರೆ ಎಷ್ಟೋ ಸಲ ಇನ್ನೊಮ್ಮೆ ಇಳಿಯುತ್ತದೆ. ಮಗುವಿನ ವಿಡಿಯೊ ನೋಡುವುದು ನನಗೆ ತುಂಬ ಸಹಾಯ ಮಾಡಿತು.

ಕೈಯ ಕೆಲಸವನ್ನು ಮರೆಯಬೇಡಿ. ಸ್ಟ್ಯಾನ್‌ಫರ್ಡ್‌ನ ಮಕ್ಕಳ ವೈದ್ಯೆ ಜೇನ್ ಮಾರ್ಟನ್ ಮತ್ತು ಜೊತೆಗಾರರು 2009ರಲ್ಲಿ ಪ್ರಕಟಿಸಿದ ಅಧ್ಯಯನ ಅವಧಿಗೆ ಮೊದಲೇ ಹುಟ್ಟಿದ ಮಕ್ಕಳ ತಾಯಂದಿರದ್ದು. ಪಂಪ್ ಮಾಡುವಾಗ ಎದೆಯನ್ನು ಕೈಯಿಂದ ಮೆಲ್ಲಗೆ ಒತ್ತಿ ನೀವುವುದನ್ನು ಕಲಿತ ಮೇಲೆ ಅವರ ಹಾಲು ಸರಾಸರಿ 48% ಹೆಚ್ಚಿತ್ತು. ಅಷ್ಟು ಎಲ್ಲರಿಗೂ ಹೆಚ್ಚುತ್ತದೆ ಅಂತಲ್ಲ. ಆದರೆ ಖರ್ಚಿಲ್ಲದ ಉಪಾಯ ಇದು. ಇದಕ್ಕೆ ಎರಡೂ ಕೈ ಬಿಡುವಾಗಿರಬೇಕು, ಹಾಗಾಗಿ ಫ್ಲ್ಯಾಂಜ್ ಹಿಡಿದಿಡುವ ಪಂಪಿಂಗ್ ಬ್ರಾ ಕೊಳ್ಳಿ. ನನ್ನ ಪ್ರಕಾರ ಪಂಪಿನಷ್ಟೇ ಮುಖ್ಯವಾದ ವಸ್ತು ಅದು.

ಸುಮ್ನೆ ಒಂದು ಮಾತು. ಇಂಥ ಯಂತ್ರದ ಆರಂಭದ ಪೇಟೆಂಟುಗಳಲ್ಲಿ ಒಂದು ಎಡ್ವರ್ಡ್ ಲಾಸ್ಕರ್ ಅವರದು, 1920ರ ದಶಕದ್ದು. ಅವರು ಎಂಜಿನಿಯರ್, ಹೆಸರಾಂತ ಚೆಸ್ ಆಟಗಾರ ಕೂಡ. 1956ರಲ್ಲಿ ಸ್ವೀಡನ್ನಿನ ಐನಾರ್ ಎಗ್ನೆಲ್ ನೋವು ಕಡಿಮೆ ಮಾಡುವ ಯಂತ್ರ ತಂದರು. ಎಷ್ಟು ಒತ್ತಡ ಇದ್ದರೆ ತಾಯಿಗೆ ಪೆಟ್ಟಾಗುವುದಿಲ್ಲ ಅನ್ನುವ ಪ್ರಶ್ನೆ ಅಂದಿನಿಂದಲೂ ಇದೆ.

ಕೆಲಸಕ್ಕೆ ಮರಳಿದ ಮೇಲೆ ನಾನು ಹಿಡಿದುಕೊಂಡಿದ್ದು 24 ಗಂಟೆಯ ಲೆಕ್ಕ. ಮನೆಯಲ್ಲಿದ್ದಾಗ ಮಗು ದಿನಕ್ಕೆ ಎಷ್ಟು ಸಲ ಕುಡಿಯುತ್ತಿತ್ತೋ, ಕುಡಿಸುವುದು ಮತ್ತು ಪಂಪ್ ಮಾಡುವುದು ಎರಡೂ ಸೇರಿ ಸುಮಾರು ಅಷ್ಟೇ ಸಲ ಆಗಬೇಕು. ಹೊರಡುವ ಮುಂಚೆ ಒಮ್ಮೆ ಕುಡಿಸಿ. ಬಂದ ಕೂಡಲೇ ಮತ್ತೆ ಕುಡಿಸಿ. ಮಧ್ಯೆ ಸುಮಾರು ಮೂರು ಗಂಟೆಗೊಮ್ಮೆ ತೆಗೆಯಿರಿ. ಮೀಟಿಂಗ್ ಉದ್ದವಾಗಿ ಪೂರ್ತಿ ಸಮಯ ಸಿಗದಿದ್ದರೆ ಹತ್ತೇ ನಿಮಿಷ ಆದರೂ ಪರವಾಗಿಲ್ಲ, ಬಿಟ್ಟುಬಿಡುವುದಕ್ಕಿಂತ ಮೇಲು. ಕೆಲವು ಮಕ್ಕಳು ಹಗಲು ಬಾಟಲಿಯಲ್ಲಿ ಸ್ವಲ್ಪವೇ ಕುಡಿದು ರಾತ್ರಿ ತಾಯಿಯ ಹತ್ತಿರ ಜಾಸ್ತಿ ಕುಡಿಯುತ್ತವೆ. ನಿದ್ದೆ ಹಾಳಾಗುತ್ತದೆ ನಿಜ, ಆದರೆ ಹಾಲು ಉಳಿಯಲು ಅದೂ ಸಹಾಯವೇ. ಸಮಯ ಕೇಳಲು ಸಂಕೋಚ ಬೇಡ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2000ದ ಹೆರಿಗೆ ರಕ್ಷಣೆ ಒಪ್ಪಂದ ಹಾಲೂಡಿಸುವ ಬಿಡುವನ್ನು ಸಂಬಳ ಸಹಿತವಾದ ಹಕ್ಕು ಅನ್ನುತ್ತದೆ. ಎಲ್ಲ ದೇಶಗಳೂ ಅದಕ್ಕೆ ಸಹಿ ಹಾಕಿಲ್ಲ, ಆದರೂ ಕೇಳುವುದಕ್ಕೆ ಅದೊಂದು ಬಲ. ಚಿಲಕ ಇರುವ ಒಂದು ಕೋಣೆ, ಒಂದು ಪ್ಲಗ್ಗು, ಕೈ ತೊಳೆಯಲು ನೀರು ಇದ್ದರೆ ಆಯಿತು. ಶೌಚಾಲಯದಲ್ಲಿ ಕೂತು ಮಗುವಿನ ಆಹಾರ ತೆಗೆಯಿರಿ ಅನ್ನುವುದು ಯಾವ ಆಫೀಸಿಗೂ ಶೋಭೆಯಲ್ಲ.

ಕೆಲವು ತಿಂಗಳ ನಂತರ ಒಂದು ವಾರ ಹಾಲು ಇದ್ದಕ್ಕಿದ್ದಂತೆ ಕಡಿಮೆಯಾಯಿತು. ಮೋಟಾರ್ ಸದ್ದು ಹಾಗೇ ಇದೆ, ಬಾಟಲಿಯಲ್ಲಿ ಮಾತ್ರ ಅರ್ಧ. ಊಟ, ನೀರು, ನಿದ್ದೆ ಎಲ್ಲದರ ಮೇಲೂ ಅನುಮಾನ ಬಂತು. ಕೊನೆಗೆ ನೋಡಿದರೆ ಫ್ಲ್ಯಾಂಜ್ ಮತ್ತು ಬಾಟಲಿಯ ನಡುವೆ ಕೂರುವ, ಬಾತುಕೋಳಿಯ ಕೊಕ್ಕಿನ ಆಕಾರದ ಪುಟ್ಟ ಸಿಲಿಕಾನ್ ವಾಲ್ವ್ ಸಡಿಲಾಗಿತ್ತು. ಅದರ ಸೀಳು ಸದಾ ಬಾಯಿ ಬಿಟ್ಟುಕೊಂಡೇ ಇತ್ತು, ಗಾಳಿ ಸೋರಿ ಎಳೆತವೇ ಉಳಿದಿರಲಿಲ್ಲ. ಹೊಸದು ಹಾಕಿದ ಮೇಲೆ ಹಾಲು ಮೊದಲಿನ ಮಟ್ಟಕ್ಕೆ ಬಂತು. ದಿನಕ್ಕೆ ಮೂರು ನಾಲ್ಕು ಸಲ ಬಳಸುವವರು ಒಂದೆರಡು ತಿಂಗಳಿಗೊಮ್ಮೆ ಇದನ್ನು ಬದಲಿಸಬೇಕು. ಕಂಪನಿ ಕೊಟ್ಟಿದ್ದು ಒಂದೇ ಜೊತೆ, ಬಿಡಿಭಾಗ ಬರುವುದಕ್ಕೂ ತಡ. ಪಂಪ್ ತರಿಸುವಾಗಲೇ ವಾಲ್ವ್ ಹೆಚ್ಚುವರಿ ತರಿಸಿಟ್ಟುಕೊಳ್ಳಿ. ಹಾಲು ಕಡಿಮೆಯಾದರೆ ನಿಮ್ಮ ದೇಹವನ್ನು ಅನುಮಾನಿಸುವ ಮೊದಲು ವಾಲ್ವ್ ನೋಡಿ.

ಬೇರೆ ಕಾರಣಗಳೂ ಇವೆ. ಮುಟ್ಟು ಮತ್ತೆ ಶುರುವಾದಾಗ ಕೆಲವರಿಗೆ ಕೆಲವು ದಿನ ಇಳಿಯುತ್ತದೆ, ಆಮೇಲೆ ಸರಿಹೋಗುತ್ತದೆ. ಮೂಗು ಕಟ್ಟಿದ್ದಕ್ಕೆ ಕೊಡುವ ಸ್ಯೂಡೋಎಫೆಡ್ರಿನ್ ಇರುವ ಮಾತ್ರೆ ಹಾಲು ಇಳಿಸುತ್ತದೆ. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆಯೂ ಇಳಿಸಬಹುದು. ಮಾತ್ರೆ ತೆಗೆದುಕೊಳ್ಳುವ ಮೊದಲು ಹಾಲೂಡಿಸುತ್ತಿದ್ದೇನೆ ಅಂತ ಡಾಕ್ಟರಿಗೆ ಹೇಳಿ. ಕೆಲವು ಸಲ ಹಾಲು ಕಡಿಮೆಯೇ ಆಗಿರುವುದಿಲ್ಲ, ಬಾಟಲಿಯಲ್ಲಿ ಬೇಗ ಬೇಗ ಕುಡಿಸುವುದರಿಂದ ಮಗು ಬೇಕಾದ್ದಕ್ಕಿಂತ ಜಾಸ್ತಿ ಕುಡಿದಿರುತ್ತದೆ. ನಿಧಾನವಾಗಿ ಹಾಲು ಬರುವ ನಿಪ್ಪಲ್ ಹಾಕಿ. ಮಗುವನ್ನು ನೆಟ್ಟಗೆ ಕೂರಿಸಿ, ಬಾಟಲಿ ಅಡ್ಡ ಹಿಡಿದು, ನಡುನಡುವೆ ನಿಲ್ಲಿಸಿ ಕುಡಿಸಲು ಮನೆಯವರಿಗೆ ಹೇಳಿ. ನಿಜವಾಗಿ ಕಡಿಮೆಯಾಗಿದ್ದಾಗ ನಾನು ದಿನಕ್ಕೊಮ್ಮೆ ಪವರ್ ಪಂಪಿಂಗ್ ಮಾಡಿದೆ. 20 ನಿಮಿಷ ಪಂಪ್, 10 ವಿಶ್ರಾಂತಿ, 10 ಪಂಪ್, 10 ವಿಶ್ರಾಂತಿ, ಮತ್ತೆ 10 ಪಂಪ್. ಫಲ ಕಾಣಲು ಕೆಲವು ದಿನ ಬೇಕು.

ತೊಳೆಯುವುದು ಬೇಸರದ ಕೆಲಸ, ಆದರೆ ಅದರಲ್ಲಿ ರಾಜಿ ಇಲ್ಲ. ಒಂದು ಸಲ ಬಳಸಿ ತೊಳೆಯದೆ ಫ್ರಿಜ್‌ನಲ್ಲಿಟ್ಟು ಮತ್ತೆ ಬಳಸುವ ಅಭ್ಯಾಸ ಬಹಳ ಜನರಲ್ಲಿದೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಪ್ರತಿ ಸಲ ತೊಳೆಯುವುದೇ ಸುರಕ್ಷಿತ ಅನ್ನುತ್ತದೆ. ಅಲ್ಲಿ 2016ರಲ್ಲಿ ಅವಧಿಗೆ ಮೊದಲೇ ಹುಟ್ಟಿದ ಒಂದು ಮಗುವಿಗೆ ಸರಿಯಾಗಿ ಸ್ವಚ್ಛವಾಗದ ಪಂಪಿನ ಹಾಲಿನಿಂದ ಕ್ರೋನೋಬ್ಯಾಕ್ಟರ್ ಅನ್ನುವ ಬ್ಯಾಕ್ಟೀರಿಯಾದ ಸೋಂಕು ತಗುಲಿತ್ತು. ನಾನು ಹಾಲು ತಾಗುವ ಭಾಗಗಳ ಇನ್ನೊಂದೆರಡು ಸೆಟ್ ಇಟ್ಟುಕೊಂಡೆ, ಕೆಲಸದಲ್ಲಿ ತೊಳೆಯುವ ತಲೆನೋವು ತಪ್ಪಿತು. ಸಿಂಕಿನಲ್ಲಿ ನೇರವಾಗಿ ಹಾಕಬೇಡಿ, ಇದಕ್ಕೇ ಬೇರೆ ಬೋಗುಣಿ ಇಡಿ. ಬಟ್ಟೆಯಿಂದ ಒರೆಸಬೇಡಿ, ಗಾಳಿಗೆ ಒಣಗಲಿ.

ಹೊಸದಾಗಿ ತೆಗೆದ ಹಾಲು 25 ಡಿಗ್ರಿವರೆಗಿನ ಕೋಣೆಯಲ್ಲಿ 4 ಗಂಟೆ, ಫ್ರಿಜ್‌ನಲ್ಲಿ 4 ದಿನ ಇರುತ್ತದೆ. ಫ್ರೀಜರ್‌ನಲ್ಲಿ 6 ತಿಂಗಳೊಳಗೆ ಬಳಸಿದರೆ ಉತ್ತಮ. ಐಸ್ ಪ್ಯಾಕ್ ಇಟ್ಟ ಚೀಲದಲ್ಲಿ 24 ಗಂಟೆ ತಡೆಯುತ್ತದೆ. ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ, ಮೈಕ್ರೋವೇವ್‌ನಲ್ಲಿ ಬಿಸಿ ಮಾಡಲೇಬೇಡಿ.

ಉಳಿದ ಕೊರತೆಗಳು. ಸದ್ದು ಇದೆ, ಪಕ್ಕದ ಕೋಣೆಗೆ ಕೇಳಿಸುತ್ತದೆ. ಬ್ಯಾಟರಿ ಮೊದಲ ತಿಂಗಳುಗಳಲ್ಲಿ ಇಡೀ ದಿನ ಬರುತ್ತಿತ್ತು, ಈಗ ಅರ್ಧ ದಿನಕ್ಕೆ ಸೋಲುತ್ತದೆ. ಬ್ರಾ ಒಳಗೇ ಕೂರುವ ವೈರಿಲ್ಲದ ಪಂಪನ್ನೂ ಬಳಸಿ ನೋಡಿದೆ. ಪ್ರಯಾಣಕ್ಕೆ ತುಂಬ ಅನುಕೂಲ. ಹಾಲು ಮಾತ್ರ ನನಗೆ ಇದಕ್ಕಿಂತ ಕಡಿಮೆ ಬಂತು. ಎರಡನೆಯದಾಗಿ ಇಟ್ಟುಕೊಳ್ಳಬಹುದು, ಅದೊಂದನ್ನೇ ನಂಬಿ ಕೆಲಸಕ್ಕೆ ಮರಳಿ ಅಂತ ನಾನು ಹೇಳಲಾರೆ.

ನಿಲ್ಲಿಸುವಾಗ ಒಂದೇ ದಿನ ನಿಲ್ಲಿಸಬೇಡಿ. ಒಂದು ಹೊತ್ತಿನದು ಬಿಡಿ, ಕೆಲವು ದಿನ ನೋಡಿ, ಎದೆ ಕಟ್ಟದಿದ್ದರೆ ಇನ್ನೊಂದನ್ನು ಬಿಡಿ. ನಾನು ಮಧ್ಯಾಹ್ನದ್ದನ್ನು ಮೊದಲು ಬಿಟ್ಟೆ, ಬೆಳಗಿನದನ್ನು ಕೊನೆಗೆ. ಮಗು ಈಗಲೂ ಬೆಳಗ್ಗೆ, ರಾತ್ರಿ ಎದೆಹಾಲು ಕುಡಿಯುತ್ತದೆ. ಗೆಳತಿಯೊಬ್ಬರು ಪಂಪ್ ಕೇಳಿದರು. ಒಬ್ಬರ ಬಳಕೆಗೆ ಮಾತ್ರ ಅಂತ ಕಂಪನಿಯೇ ಬರೆದಿರುವುದರಿಂದ ಮೋಟಾರ್ ಕೊಡಲಿಲ್ಲ. ತೊಟ್ಟಿನ ಅಳತೆ ನೋಡುವುದು ಹೇಗೆ ಅಂತ ಹೇಳಿಕೊಟ್ಟೆ, ಪೊಟ್ಟಣ ಒಡೆಯದ ಒಂದು ಜೊತೆ ವಾಲ್ವ್ ಉಳಿದಿತ್ತು, ಅವರ ಪಂಪಿಗೂ ಹೊಂದುತ್ತಿತ್ತು, ಅದನ್ನು ಕೊಟ್ಟೆ.