ಒಂದನೇ ತರಗತಿಗೆ ಕೇಂದ್ರೀಯ ವಿದ್ಯಾಲಯವೋ, ಸರ್ಕಾರಿ ಶಾಲೆಯೋ?

ಬೆಂಗಳೂರಿನ ಮಲ್ಲೇಶ್ವರದಲ್ಲಿ ಮನೆ ಮಾಡಿಕೊಂಡು ಮಗುವಿಗೆ ಶಾಲೆ ಹುಡುಕುತ್ತಿರುವ ಪೋಷಕರು ಮೊದಲು ತಿಳಿಯಬೇಕಾದದ್ದು, ಕೇಂದ್ರೀಯ ವಿದ್ಯಾಲಯದ ಪ್ರವೇಶ ನಮ್ಮ ಇಚ್ಛೆಗಿಂತ ಆದ್ಯತಾ ಪಟ್ಟಿಯನ್ನು ಅವಲಂಬಿಸಿದೆ ಎಂಬುದನ್ನು. ವರ್ಗಾವಣೆಗೆ ಒಳಪಡುವ ಕೇಂದ್ರ ಸರ್ಕಾರಿ ನೌಕರರ ಮಕ್ಕಳಿಗೆ ಅಲ್ಲಿ ಮೊದಲ ಸ್ಥಾನ. ಉಳಿದವರಲ್ಲಿ ಬಡ ಹಾಗೂ ಅವಕಾಶವಂಚಿತ ವರ್ಗಗಳ ಮಕ್ಕಳ ಪಾಲಿಗೆ ಶಿಕ್ಷಣ ಹಕ್ಕು ಕಾಯ್ದೆಯಡಿಯ ಶೇ. 25ರಷ್ಟು ಸೀಟುಗಳ ಲಾಟರಿಯೇ ಮುಖ್ಯ ಆಸರೆ. ಪಠ್ಯಕ್ರಮ ಸಿಬಿಎಸ್‌ಇಯದು, ಊರು ಬದಲಾದರೂ ಓದು ತುಂಡಾಗುವುದಿಲ್ಲ. ಆದರೆ ಕನ್ನಡಕ್ಕೆ ಸಿಗುವ ಜಾಗ ಕಿರಿದು, ಇದು ನನಗೆ ನಿಜಕ್ಕೂ ನೋವಿನ ಸಂಗತಿ.

ರಾಜ್ಯ ಸರ್ಕಾರದ ಶಾಲೆಯಲ್ಲಿ ಇಂಥ ಸರದಿಯಿಲ್ಲ. ಪಠ್ಯಪುಸ್ತಕ, ಸಮವಸ್ತ್ರ, ಮಧ್ಯಾಹ್ನದ ಬಿಸಿಯೂಟ ಎಲ್ಲವೂ ಉಚಿತ. 2013ರಲ್ಲಿ ಆರಂಭವಾದ ಕ್ಷೀರಭಾಗ್ಯದ ಹಾಲನ್ನು ಮಕ್ಕಳು ಸ್ಟೀಲ್ ಲೋಟ ಹಿಡಿದು ಸಾಲಿನಲ್ಲಿ ನಿಂತು ಕುಡಿಯುವುದನ್ನು ಒಮ್ಮೆ ಹೋಗಿ ನೋಡಬೇಕು. ಆಯ್ದ ಶಾಲೆಗಳಲ್ಲಿ ಕನ್ನಡದ ಜೊತೆಗೆ ಇಂಗ್ಲಿಷ್ ಮಾಧ್ಯಮದ ವಿಭಾಗವೂ ಇದೆ. ಕರ್ನಾಟಕ ಪಬ್ಲಿಕ್ ಶಾಲೆ ಹತ್ತಿರವಿದ್ದರೆ ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿ ಓದು ಮುಗಿಯುತ್ತದೆ.

ವರ್ಗಾವಣೆಯ ನೌಕರಿ ಇಲ್ಲದವರಿಗೆ ನನ್ನ ಸಲಹೆ ಸರ್ಕಾರಿ ಶಾಲೆಯೇ. ಆದರೆ ಸೇರಿಸುವ ಮುನ್ನ ತರಗತಿಗೊಬ್ಬ ಶಿಕ್ಷಕರಿದ್ದಾರೆಯೇ, ಶೌಚಾಲಯದಲ್ಲಿ ನೀರು ಬರುತ್ತದೆಯೇ ಎಂಬುದನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರನ್ನು ಕಂಡು ವಿಚಾರಿಸಿಕೊಳ್ಳಿ.